ಒಗರು ಮಾತ್ರ ಉಳಿದಿತ್ತು

ಮೂಗಿರುವ ತನಕ ನೆಗಡಿ ತಪ್ಪಿದ್ದಲ್ಲ ಅಂತಾರೆ. ನನ್ನ ನೆಗಡಿ ಹೋಗಿ ಎರಡು ವಾರವಾಗಿತ್ತು. ಮೂಗು ಮಾತ್ರ ವಾಸನೆ ಹಿಡಿಯದೆ, ಬರೀ ನತ್ತು ಹಾಕಿಕೊಳ್ಳುವುದಕ್ಕೆ ಉಳಿದಿದೆಯೇನೋ ಎಂಬ ಹೆದರಿಕೆ ಶುರುವಾಗಿತ್ತು. ಇಂಗ್ಲೆಂಡಿನ ಲೀಡ್ಸ್ ಊರಿನ ಒಂದು ವೈನ್ ಅಂಗಡಿಗೆ ಯಾವ ವೈನ್ ತರಿಸಬೇಕೆಂದು ಮೂಸಿ, ರುಚಿ ನೋಡಿ ಹೇಳುವವಳು ನಾನು. ಮೂಗು ಹೋದರೆ ಕೆಲಸವೂ ಹೋದಂತೆಯೇ.

"ಏನೂ ಆಗಿಲ್ಲ ಕಣೇ ಮೈತ್ರೇಯಿ," ಎಂದ ಗಂಡ ಅಭಯ್. ಅವನು ಜಿಪಿ, ಅಂದರೆ ಇಲ್ಲಿ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು. ರೋಗಿಗಳಿಗೆ ಹತ್ತು ನಿಮಿಷ, ಹೆಂಡತಿಗೆ ಎರಡು. "ಒಣಮೆಣಸಿನಕಾಯಿ ಒಗ್ಗರಣೆ ಹಾಕು. ಸೀನು ಬಂದ್ರೆ ಮೂಗು ಸರಿ ಇದೆ ಅಂತ."

ಹಾಕಿದೆ. ಇಬ್ಬರೂ ಸೀನಿ ಸೀನಿ ಕಣ್ಣೀರು ಸುರಿಸಿದೆವು. ಸಮಾಧಾನವಾಗಿ ಬಸ್ ಹತ್ತಿದೆ.

ಅಂದು ಅಂಗಡಿಗೆ ಹೊಸ ರೆಸ್ಟೋರೆಂಟಿನ ಮಾಲೀಕರೊಬ್ಬರು ವೈನ್ ಕೊಳ್ಳಲು ಬಂದಿದ್ದರು. ಅವರಿಗಾಗಿ ನಾನೇ ಆರಿಸಿದ್ದು ದಕ್ಷಿಣ ಫ್ರಾನ್ಸಿನ ಕೆಂಪು ವೈನ್. ಸಿಹಿಯ ಸುಳಿವೇ ಇಲ್ಲದ್ದು, ಮೂರು ದ್ರಾಕ್ಷಿಗಳ ಬೆರಕೆ. ಒಂದರಿಂದ ನೇರಳೆಹಣ್ಣಿನ ತುಂಬು ರುಚಿ, ಇನ್ನೊಂದರಿಂದ ಕರಿಮೆಣಸಿನ ವಾಸನೆ, ಮೂರನೆಯದರಿಂದ ಹೊಸ ಚಪ್ಪಲಿಯ ಚರ್ಮದ ವಾಸನೆ. ಜಗಳವಾಡದ ಓರಗಿತ್ತಿಯರನ್ನು ನೋಡಬೇಕಾದರೆ ಇದನ್ನೇ ಕುಡಿಯಬೇಕು. ಕೊನೆಗೆ ನಾಲಿಗೆಯ ಮೇಲೆ ಒಗರು ನಿಂತು, ಇನ್ನೊಂದು ತುತ್ತು ಊಟ ಬೇಕೆನಿಸುತ್ತದೆ.

ನಮ್ಮ ಅಂಗಡಿಯೊಡತಿ ಹ್ಯಾಝೆಲ್ ಮೂರು ಗ್ಲಾಸಿಗೆ ಸುರಿದಳು. ಮೊದಲು ಮೂಸಿ ಹೇಳಬೇಕಾದವಳು ನಾನೇ.

ಮೂಸಿದೆ. ಏನೂ ಇಲ್ಲ. ಮತ್ತೆ ಉಸಿರೆಳೆದೆ. ನೀರಿನ ಲೋಟದೊಳಗೆ ಮೂಗಿಟ್ಟಂತಿತ್ತು. ಗುಟುಕರಿಸಿದೆ. ಒಗರು ನಾಲಿಗೆ ಹಿಡಿಯಿತು, ಗಂಟಲು ಬೆಚ್ಚಗಾಯಿತು, ಅಷ್ಟೇ. ಆಗ ಹೊಳೆಯಿತು: ಮೆಣಸಿನಕಾಯಿಯ ಘಾಟು ಬೇರೆ, ವಾಸನೆ ಬೇರೆ. ಘಾಟಿಗೆ ಕಣ್ಣೂ ಉರಿಯುತ್ತದೆ, ಹಾಗಂತ ಕಣ್ಣು ಮೂಸುತ್ತದೆಯೇ? ಡಾಕ್ಟರಂತೆ ಡಾಕ್ಟರು!

"ಹೇಗಿದೆ?" ಎಂದರು ಮಾಲೀಕರು.

ನೆನಪಿನಲ್ಲಿದ್ದುದನ್ನೆಲ್ಲ ಹೇಳಿದೆ: ನೇರಳೆ, ಕರಿಮೆಣಸು, ಚರ್ಮ, ಒಂಚೂರು ಒಣಗಿದ ಸೊಪ್ಪು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹೇಳಿರಲಿಲ್ಲ. ಅವರು ತಲೆದೂಗಿ ಗ್ಲಾಸನ್ನು ಮೂಗಿನ ಹತ್ತಿರ ತಂದರು. ತಟ್ಟನೆ ಮುಖ ಹಿಂದಕ್ಕೆಳೆದುಕೊಂಡು ಹ್ಯಾಝೆಲ್ ಕಡೆ ನೋಡಿದರು.

ಅವಳೂ ಮೂಸಿದಳು.

"ಮೈತ್ರೇಯಿ, ಈ ಬಾಟಲಿ ಕೆಟ್ಟಿದೆ," ಎಂದಳು ಮೆಲ್ಲಗೆ. "ಒದ್ದೆಯಾಗಿ ಕೊಳೆತ ರಟ್ಟಿನ ವಾಸನೆ."

ನಾನು ಇನ್ನೊಮ್ಮೆ ಗ್ಲಾಸಿಗೆ ಮೂಗಿಟ್ಟೆ. ಅದೇ ನೀರಿನ ಲೋಟ.

"ಯಾವಾಗಿನಿಂದ ಹೀಗೆ?"

ಅವಳು ಬೈದಿದ್ದರೆ ಬೈಗುಳಕ್ಕೆ ಏನಾದರೂ ಉತ್ತರ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತವರ ದನಿಯಲ್ಲಿ ಕೇಳಿದಳು. ಉತ್ತರಕ್ಕೆ ಕಾಯದೆ ಹೊಸ ಬಾಟಲಿ ತೆರೆದು, ಈ ಸಲ ಎರಡೇ ಗ್ಲಾಸಿಗೆ ಸುರಿದಳು.