ಯಾರದೂ ಅಲ್ಲದ ಬನ

ಜಿತೇಂದ್ರ ದೊಡ್ಡ ಪ್ರವಾಸಿ ಹಡಗೊಂದರಲ್ಲಿ ಅಡುಗೆಯವನು. ವರ್ಷಗಟ್ಟಲೆ ಸಮುದ್ರದ ಮೇಲಿದ್ದರೂ ದಡಕ್ಕಿಳಿದು ಊರು ನೋಡಿದವನಲ್ಲ. ಹಡಗು ಮೆಕ್ಸಿಕೋದ ಬಂದರಿನಲ್ಲಿ ನಿಂತ ದಿನ, ಅಪರೂಪಕ್ಕೆ ರಜೆ ಸಿಕ್ಕಿತೆಂದು ಪ್ರಯಾಣಿಕರ ಬಸ್ಸನ್ನೇ ಹತ್ತಿ, ಗೈಡ್ ಎತ್ತಿ ಹಿಡಿದ ಕೊಡೆಯ ಹಿಂದೆ ನಡೆದು, ಕಾಡಿನೊಳಗಿದ್ದ ಮಾಯಾ ಜನರ ಹಳೆಯ ಪಟ್ಟಣ ನೋಡಿ ಬಂದ. ಆಮೇಲೆ ಕುಂದಾಪುರದಲ್ಲಿದ್ದ ಹೆಂಡತಿಗೆ ಉದ್ದದ ವಾಯ್ಸ್ ಮೆಸೇಜ್ ಕಳಿಸಿದ.

"ತೃಷಾ, ಕಲ್ಲಿನ ಮೆಟ್ಲ್ ಆಕಾಶಕ್ ಹತ್ತಿತ್ತ್ ಮಾರಾಯ್ತಿ. ಮೇಲ್ ಹೋಯ್ ಕಂಡ್ರೆ ಎಂತದೂ ಇಲ್ಲ, ಬರೀ ಗಾಳಿ. ಬೇರ್ ಗೋಡೆನ ಹಿಡ್ಕಂಡದ್ದಾ, ಗೋಡೆ ಬೇರನ್ನ ಹಿಡ್ಕಂಡದ್ದಾ, ಗೊತ್ತೇ ಆತಿಲ್ಲ. ಆ ಜನ ಎಲ್ಲ ಎಲ್ಲಿಗ್ ಹೋದ್ರ್ ಅಂದ್ ಒಬ್ರ್ ಕೇಂಡ್ರ್. ಗೈಡ್ ನಗಾಡ್ದ. ಎಲ್ಲಿಗೂ ಹೋಯ್ಲ, ನಾನೇ ಅವ್ರ್ ಅಂದ." ಹಿಂದೆ ಯಾರೋ ಅವನನ್ನು ಕೂಗಿದರು. "ನಿಂಗೆ ಬಾರ್ಕೂರ್ ಅರ್ಧ ಗಂಟೆ. ಒಂದ್ ದಿನ ಆದ್ರೂ ಕಂಡಿದ್ಯಾ?"

ಕಂಡಿರಲಿಲ್ಲ. ಬಾರ್ಕೂರೆಂದರೆ ಅವಳಿಗೆ ಬಸ್ಸಿನ ಬೋರ್ಡಿನ ಮೇಲಿನ ಹೆಸರು, ಅಷ್ಟೆ. ಒಂದು ಕಾಲದ ರಾಜಧಾನಿ ಎಂದು ಶಾಲೆಯಲ್ಲಿ ಓದಿದ್ದಳು. ಓದಿದ ರಾಜಧಾನಿಗೆ ಯಾರಾದರೂ ಭಾನುವಾರ ಹೋಗುತ್ತಾರೆಯೇ? ಆದರೆ ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದಳು. ಕೆಲಸದ ನಡುವೆಯೂ ಕೇಳಿದಳು. ಅವಳ ಕೆಲಸ ಒಂದು ಲ್ಯಾಬಿನಲ್ಲಿ. ಬೇರೆ ಹೆಂಗಸರ ರಕ್ತ ನೋಡಿ, ಅವರು ಬಸಿರಾದ ಸುದ್ದಿಯನ್ನು ಅವರಿಗಿಂತ ಮೊದಲು ತಿಳಿಯುವ ಕೆಲಸ. ಅವಳದೇ ಸುದ್ದಿ ಎರಡು ಸಲ ಬಂದು ಎರಡು ಸಲವೂ ನಡುದಾರಿಯಲ್ಲಿ ಇಳಿದು ಹೋಗಿತ್ತು.

ಮೊದಲನೆಯದು ಹೋದಂದಿನಿಂದ ಅವಳ ಅಪ್ಪ ಭೋಜರಾಜರು ಮೂಲನಾಗನನ್ನು ಹುಡುಕುತ್ತಿದ್ದರು. ಈ ಸೀಮೆಯ ನಾಡವರ, ಅಂದರೆ ಬಂಟರ, ಮನೆಗಳಲ್ಲಿ ಮೂಲನಾಗನೆಂದರೆ ಮನೆತನದ ಮೊದಲ ವಿಳಾಸ. ಹಿರಿಯರು ಮೊದಲು ಎಲ್ಲಿ ನೆಲೆ ನಿಂತರೋ ಅಲ್ಲಿಯ ಬನದ ನಾಗರಕಲ್ಲು. ಊರು ಬಿಟ್ಟು ಊರು ಸೇರಿ, ಮುಂಬಯಿಗೆ ಹೋಗಿ ಹೋಟೆಲು ತೆಗೆದು, ತಲೆಮಾರುಗಳು ಕಳೆದ ಮೇಲೆ ವಿಳಾಸ ಮರೆತಿರುತ್ತದೆ. ಮನೆಯಲ್ಲಿ ಏನಾದರೂ ಕೆಟ್ಟರೆ ಜೋಯಿಸರು ಕವಡೆ ಹಾಕಿ ಪ್ರಶ್ನೆ ನೋಡುತ್ತಾರೆ, ನಿಮ್ಮ ನಾಗ ಬಾಯಾರಿ ಕುಳಿತಿದ್ದಾನೆ ಎನ್ನುತ್ತಾರೆ.

ಹಾಗಾಗಿ ಆ ಭಾನುವಾರ ತೃಷಾಳಿಗೆ ಬೇಕಿದ್ದದ್ದು ಇಷ್ಟೆ: ತನ್ನ ಹೊಟ್ಟೆಯ ವಿಷಯವನ್ನು ಯಾರೂ ಯಾವ ಕಲ್ಲಿನ ಮುಂದೆಯೂ ಎತ್ತದ ಒಂದು ಹಗಲು. ಬಾರ್ಕೂರಿನ ಹಳೆಯ ಕಲ್ಲುಗಳನ್ನು ಸುತ್ತಿ ತೋರಿಸುವ ಅಮಿತಾ ಎಂಬವಳಿಗೆ ಫೋನು ಮಾಡಿ, ಒಬ್ಬಳಿಗೇ ಎಂದು ಜಾಗ ಹೇಳಿಟ್ಟಳು.

ಬೆಳಿಗ್ಗೆ ವ್ಯಾನು ಮನೆಯೆದುರು ಬಂದು ನಿಂತಾಗ ಅಮ್ಮನಿಂದ ಸುದ್ದಿ ತಿಳಿದು ದಾರಿಯಲ್ಲೇ ಹತ್ತಿಕೊಂಡಿದ್ದ ಭೋಜರಾಜರು ಮುಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಡಿಲಲ್ಲಿ ತಿಂಡಿಯ ಡಬ್ಬಿ.

"ಅಪ್ಪಯ್ಯ, ನೀವ್ ಎಂತಕೆ?"

"ಎಂತಕೆ ಅಂದ್ರೆ? ನಾ ಬಾರ್ಕೂರ್ ಕಾಂಬುಕಾಗ್ದಾ? ನಿನ್ನಮ್ಮ ಕಡುಬ್ ಕಟ್ಟಿ ಕೊಟ್ಟಿತ್ತ್. ಹತ್ತ್ ಹತ್ತ್."

"ಸುಮ್ನೆ ಕಾಂಬುಕೆ ಅಲ್ದಾ?"

"ಏಕ್‌ದಮ್ ಸುಮ್ನೆ." ಥಾಣೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅರ್ಧ ಆಯಸ್ಸು ಕಳೆದ ಮನುಷ್ಯ ಗಿರಾಕಿಯ ಕಣ್ಣು ತಪ್ಪಿಸುವುದು ಸುಳ್ಳು ಹೇಳುವಾಗ ಮಾತ್ರ. ಅವರು ಈಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಅಮಿತಾ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟಳು. ಬಾರ್ಕೂರಿನ ಹುಡುಗಿ, ಮಾತು ಜಾಸ್ತಿ. "ಬೈಂದೂರಿಂದ ಬಪ್ಪ ಪಾರ್ಟಿ ಕ್ಯಾನ್ಸಲ್ ಅಕ್ಕ. ಇವತ್ತ್ ಇಡೀ ರಾಜಧಾನಿ ನಿಮ್ಮಿಬ್ರದ್ದೇ. ಹ್ವಾಯ್ ಗುಡ್ಡ, ಬಿಡ್ ಗಾಡಿ." ಗುಡ್ಡ ಎಂಬ ಹೆಸರಿನ ಕಡ್ಡಿಯಂಥ ಡ್ರೈವರ್ ನಕ್ಕು ಗೇರು ಹಾಕಿದ.

ಮಳೆಗಾಲ ಮುಗಿಯುತ್ತ ಬಂದಿತ್ತು. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಗದ್ದೆಗಳು ಎರಡೂ ಬದಿಯಿಂದ ರಸ್ತೆಯನ್ನು ಹಗುರವಾಗಿ ಎತ್ತಿಕೊಂಡು ಹೋಗುತ್ತಿದ್ದಂತೆ ಕಂಡಿತು. ತೃಷಾಳಿಗೆ ತೂಕಡಿಕೆ. ಎಚ್ಚರವಾದಾಗ ಗದ್ದೆಯ ನಡುವೆ ಕಲ್ಲಿನ ಕಂಬಗಳು ನಿಂತಿದ್ದವು, ನೇಜಿ ನೆಡಲು ಬಂದವರು ಹಾಗೇ ನಿಂತು ಮರೆತುಬಿಟ್ಟಂತೆ.

ಮೊದಲು ಕತ್ತಲೆ ಬಸದಿ. ಹೆಸರು ಕತ್ತಲೆ, ಆದರೆ ಬೆಳಕೆಲ್ಲ ಅಲ್ಲಿಯೇ ಬಂದು ಮಲಗಿತ್ತು. ಪಾಗಾರದ ಗೋಡೆಯ ಕೆಂಪು ಮುರಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಬಿಸಿಲು. ತೃಷಾ ಒಂದು ಕಂಬಕ್ಕೆ ಅಂಗೈ ಇಟ್ಟಳು. ಕಲ್ಲು ತಣ್ಣಗಿತ್ತು. ಯಾವ ದೇವರೂ ಉಳಿಯದ ಜಾಗವೆಂದು ಅವಳಿಗೆ ಹಾಯೆನಿಸಿತು. ಇಲ್ಲಿ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

"ಅರಸು ದಿನಕ್ಕೊಂದ್ ದೇವಸ್ಥಾನಕ್ಕೆ ಹೋಯ್ಕ್ ಅಂದೇಳಿ ಮುನ್ನೂರ ಅರವತ್ತೈದ್ ಕಟ್ಸಿದ್ದ ಅಂಬ್ರ್," ಅಮಿತಾ ಎಂದಳು.

"ಫೆಬ್ರವರಿ ಇಪ್ಪತ್ತೊಂಬತ್ ಬಂದ್ರೆ?" ತೃಷಾ ಕೇಳಿದಳು.

"ಅವತ್ತ್ ಅರಸಿಗೆ ಮೀನೂಟ."

ತೃಷಾ ಗಟ್ಟಿಯಾಗಿ ನಕ್ಕಳು. ನಗು ಗೋಡೆಗೆ ತಾಗಿ ಹಿಂದೆ ಬಂತು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಪ್ಪನೂ ನಕ್ಕರೇ ಎಂದು ತಿರುಗಿದರೆ, ಅವರು ದೂರದ ಮೂಲೆಯಲ್ಲಿ ಫೋನನ್ನು ಆರತಿಯ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತಲ್ಲೇ ಸುತ್ತುತ್ತಿದ್ದರು.

"ಎಂತ ಮಾಡ್ತಿದ್ರಿ ಅಪ್ಪಯ್ಯ?"

"ರೇಂಜ್ ಸಿಕ್ತಿಲ್ಲ."

ಅಮಿತಾ ಇಣುಕಿದಳು. "ಇದ್ ದಿಕ್ಕ್ ತೋರ್ಸುದಲ್ದಾ ಸರ್? ಇದಕ್ಕೆ ರೇಂಜ್ ಎಂತಕೆ?"

ಭೋಜರಾಜರು ಫೋನು ಕಿಸೆಗೆ ಹಾಕಿದರು. ಮಗಳ ಮುಖ ನೋಡಲಿಲ್ಲ. ನೆಲಕ್ಕೆ ಹೇಳುವಂತೆ ಹೇಳಿದರು: "ನಮ್ ನಾಗ ಇಪ್ಪುದ್ ಬಾರ್ಕೂರಲ್ಲೇ ಅಂದ್ರ್ ಹೊಸ ಜೋಯಿಸ್ರ್. ಕೆರೆಯ ಮೂಡ ಬದಿ. ಗೋಡೆ ಸೀಳಿ ಎದ್ದ ಮರ. ಹೆಡೆ ಮುರ್ದ ಕಲ್ಲ್. ನೀ ಹೊರಟದ್ದೂ ಬಾರ್ಕೂರಿಗೇ. ಅವನೇ ಕರ್ಸ್ಕಂಡದ್ದ್ ಅಂದೇಳಿ ಕಂಡ್ತ್ ನಂಗೆ."

ತೃಷಾಳ ದಿನವನ್ನು ಯಾರೋ ನಡುವಿನಲ್ಲೇ ಮಡಚಿ ಕೈಗೆ ಕೊಟ್ಟಂತಾಯಿತು. ವ್ಯಾನಿನಲ್ಲಿ ಕಡುಬು ತಿನ್ನುವಾಗ, ಅಪ್ಪ ಗುಡ್ಡನಿಗೆ ಕೆರೆಗಳ ವಿಷಯ ಕೇಳುತ್ತಿದ್ದಾಗ, ಅಮಿತಾ ಮೆಲ್ಲಗೆ ಕೇಳಿದಳು: "ಹಿಂದೆ ಎಲ್ಲೂ ಸಿಕ್ಕಿರ್ಲ್ಯಾ ಅಕ್ಕ?"

"ಸಿಕ್ಕಿತ್. ಬೈಂದೂರಿಂದ ಆಚೆ."

ಅದು ನಡೆದದ್ದು ಹೀಗೆ. ಹಳೆಯ ಜೋಯಿಸರು ಗುಡ್ಡೆಯ ಬುಡದ ಒಂದು ಬನ ತೋರಿಸಿದ್ದರು. ಭೋಜರಾಜರು ಭಕ್ತಿಯಿಂದ ಎಲ್ಲ ಮಾಡಿಸಿದರು. ಬಳ್ಳಿ ಕಡಿಸಿ, ಮರ ಉರುಳಿಸಿ, ಕರಿಕಲ್ಲಿನ ಕಟ್ಟೆ, ಸುತ್ತ ಟೈಲ್ಸು, ಮೇಲೆ ಮನೆತನದ ಹೆಸರಿನ ಫಲಕ. ಪ್ರತಿಷ್ಠೆಯ ದಿನ ಬರಿಗಾಲಲ್ಲಿ ನಿಲ್ಲಲಾಗದಷ್ಟು ಟೈಲ್ಸು ಕಾದಿತ್ತು. ತೃಷಾ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತ ಸಂತಾನ ಬೇಡಿದ್ದಳು. ನೆರಳೇ ಇಲ್ಲದೆ ನಾಗರಕಲ್ಲು ಬಿಸಿಲಲ್ಲಿ ಕಣ್ಣು ಕಿರಿದುಮಾಡಿಕೊಂಡಂತೆ ಕಂಡಿತ್ತು. ಎರಡನೆಯದೂ ಇಳಿದು ಹೋದ ಮೇಲೆ ಹೊಸ ಜೋಯಿಸರು ಬಂದರು. ಕವಡೆ ಹಾಕಿ, ಅದು ನಿಮ್ಮದಲ್ಲವೇ ಅಲ್ಲ, ಬೇರೆಯವರ ನಾಗ ಎಂದರು. ಅದೇ ತಿಂಗಳು ಆ ಬೇರೆಯವರೂ ಹುಡುಕಿಕೊಂಡು ಬಂದರು, ಸಿಹಿ ಹಿಡಿದುಕೊಂಡು. ಭಾರೀ ಚಂದ ಮಾಡ್ಸಿದ್ರಿ, ನಮ್ಮ ಕೈಯಿಂದ ಆತಿರ್ಲಿಲ್ಲ ಎಂದು ಕೈಮುಗಿದು, ಫಲಕ ಬದಲಿಸಿದರು.

ಅಮಿತಾಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಜಾರ್ ಮಾಡ್ಕಣ್ಬೇಡಿ ಅಕ್ಕ."

"ನಗಾಡಿ. ನಂಗೂ ಒಮ್ಮೊಮ್ಮೆ ನಗು ಬತ್ತ್. ಮರ ಕಡ್ದದ್ ನೆನಪಾದ್ರೆ ಮಾತ್ರ ಬತ್ತಿಲ್ಲ."

ಮಧ್ಯಾಹ್ನ ಕೋಟೆ. ಕೋಟೆಯೆಂದರೆ ಒಂದು ದಿಬ್ಬ, ಸುತ್ತ ಹೂಳು ತುಂಬಿದ ಕಂದಕ, ಉಳಿದದ್ದೆಲ್ಲ ಹಸಿರು. ಅಮಿತಾ ಕೈ ತೋರಿಸಿ ಇಲ್ಲಿ ಅರಮನೆ, ಅಲ್ಲಿ ಆನೆ ಕಟ್ಟುವ ಜಾಗ ಎನ್ನುತ್ತ ಹೋದಳು. ತೋರಿಸಿದಲ್ಲೆಲ್ಲ ಹುಲ್ಲು, ಹುಲ್ಲಿನ ಮೇಲೆ ಚಿಟ್ಟೆ. ಕೇಳುತ್ತ ಕೇಳುತ್ತ ತೃಷಾಳಿಗೆ ನಿಜವಾಗಿ ಬಾಗಿಲು ದಾಟುತ್ತಿರುವಂತೆ, ಯಾರದೋ ಮಲಗುವ ಕೋಣೆಯಲ್ಲಿ ಸದ್ದಾಗದಂತೆ ನಡೆಯುತ್ತಿರುವಂತೆ ಅನಿಸಿತು. ಭೋಜರಾಜರು ಗುಡ್ಡನನ್ನು ಕರೆದುಕೊಂಡು ಕೆರೆಯ ದಿಕ್ಕಿಗೆ ಹೋಗಿದ್ದರು. ದೂರದಲ್ಲಿ ಬಿಳಿ ಶರ್ಟು ಪೊದೆಗಳ ನಡುವೆ ಮುಳುಗಿ ಏಳುತ್ತಿತ್ತು.

ದಿಬ್ಬದ ಇಳಿಜಾರಿನಲ್ಲಿ ಒಂದು ಬನ. ಅಮಿತಾ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. "ಇದ್ ಯಾರ್ದ್ ಅಂದೇಳಿ ಊರಲ್ಲಿ ಯಾರಿಗೂ ಗೊತ್ತಿಲ್ಲ. ಹಂಗಾಯೇ ಉಳ್ಕಂಡದ್. ಒಂದ್ ಎಲೆ ಸೈತ ಯಾರೂ ಮುಟ್ಟುದಿಲ್ಲ. ನೀವ್ ಹೋಯ್ ಬನ್ನಿ. ನಾ ಇಲ್ಲೇ ಇರ್ತೆ. ಇಲ್ಲಿ ನಂಗೆ ಮಾತ್ ಬತ್ತಿಲ್ಲ."

ಒಳಗೆ ಹೊತ್ತು ಬೇರೆಯಾಗಿತ್ತು. ಹೊರಗಿನ ಮಧ್ಯಾಹ್ನ ಬಳ್ಳಿಗಳ ತುದಿಯಲ್ಲಿ ನಿಂತುಬಿಟ್ಟಿತ್ತು. ಕಾಲಡಿಯ ತರಗೆಲೆ ಒದ್ದೆ, ಮೆದು, ನಿದ್ದೆಯಲ್ಲಿದ್ದವರ ಉಸಿರಿನ ಹಾಗೆ ಏರಿಳಿಯುತ್ತಿತ್ತು. ಒಂದು ಮುರಿದ ಗೋಡೆ. ಗೋಡೆಯನ್ನು ಸೀಳಿ ಎದ್ದ ಮರ. ಅದರ ಬೇರುಗಳು ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಬೀಳಗೊಡದೆ ಹಿಡಿದಿದ್ದವು. ಎರಡು ಬೇರುಗಳ ನಡುವೆ, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ಯುವಾಗ ಹೆಂಗಸರು ಕಾಲು ಚಾಚುತ್ತಾರಲ್ಲ, ಹಾಗೆ ಚಾಚಿದ ಬೇರುಗಳ ನಡುವೆ, ಮೊಳದುದ್ದದ ಕಲ್ಲು. ಸುರುಳಿ ಸುತ್ತಿದ ಮೈ. ಹೆಡೆಯ ಅರ್ಧ ಇಲ್ಲ.

ತೃಷಾ ಕುಕ್ಕರಗಾಲಲ್ಲಿ ಕುಳಿತಳು. ಮೂಡ ಬದಿಯೋ ಪಡು ಬದಿಯೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕೆನಿಸಲೂ ಇಲ್ಲ. ಕಲ್ಲಿನ ಮೇಲೊಂದು ಇರುವೆಯ ಸಾಲು ತನ್ನ ಪಾಡಿಗೆ ಸಾಗುತ್ತಿತ್ತು. ಈ ಕಲ್ಲಿಗೆ ಬಾಯಾರಿಕೆಯಾಗಿದ್ದಂತೆ ಕಾಣಲಿಲ್ಲ. ಮಳೆಯೆಲ್ಲ ಇದರ ಮೇಲೆಯೇ ಇಳಿದಿತ್ತು. ಯಾರ ಮೇಲೂ ಇದಕ್ಕೆ ಸಿಟ್ಟಿರಲಿಲ್ಲ. ಕುಳಿತಷ್ಟು ಹೊತ್ತು ಅವಳ ಹೊಟ್ಟೆ ಬರೀ ಹೊಟ್ಟೆಯಾಗಿತ್ತು, ಬೆಳಿಗ್ಗೆ ತಿಂದ ಕಡುಬು ಹಾಕಿಕೊಂಡ ಹೊಟ್ಟೆ.

"ತೃಷಾ! ಏ ತೃಷಾ!" ಹೊರಗಿನಿಂದ ಅಪ್ಪನ ಕೂಗು. "ಇಲ್ಲಿ ಎಂತದೂ ಇಲ್ಲ. ಹೋಪನಾ?"

ಹ್ಞೂಂ ಎಂದರೆ ಮುಗಿಯಿತು. ಬನ ಉಳಿಯುತ್ತದೆ. ಅಪ್ಪ ಮನೆಗೆ ಹೋಗುತ್ತಾರೆ, ಇನ್ನೊಬ್ಬ ಜೋಯಿಸರನ್ನು ಹಿಡಿಯುತ್ತಾರೆ, ಇನ್ನೊಂದು ಬನ, ಇನ್ನೊಂದು ಕಾದ ಟೈಲ್ಸು. ಕರೆದರೆ ಇಲ್ಲಿಗೇ ಕೊಡಲಿ ಬರುತ್ತದೆ. ಅವಳು ಬಳ್ಳಿಯ ಸಂದಿಯಿಂದ ನೋಡಿದಳು. ಭೋಜರಾಜರ ಬಿಳಿ ಶರ್ಟಿನ ತುಂಬ ಮುಳ್ಳುಕಾಯಿ. ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದರು. ಇಷ್ಟು ವರ್ಷ ಅವರು ಹುಡುಕಿದ್ದು ಕಲ್ಲನ್ನೇ ಅಲ್ಲ ಎಂದು ಅವಳಿಗೆ ತೋಚಿತು. ಮಗಳ ಎದುರು ಕೈಚೆಲ್ಲಿ ಕೂರಲಾರದ ಮನುಷ್ಯ, ಮಾಡುವುದಕ್ಕೆ ಏನಾದರೊಂದು ಹುಡುಕುತ್ತಿದ್ದರು.

ಅವಳು ಹೊರಗೆ ಬಂದಳು. "ಇತ್ತ್ ಅಪ್ಪಯ್ಯ. ಹೆಡೆ ಮುರ್ದದ್."

ಭೋಜರಾಜರ ಮುಖ ಸಣ್ಣ ಮಗುವಿನದಾಯಿತು. ಧಾವಿಸಲು ಹೊರಟವರ ದಾರಿಗೆ ಅವಳು ಅಡ್ಡ ನಿಂತಳು.

"ಮೊದ್ಲ್ ಮಾತ್ ಕೊಡಿ. ಒಂದ್ ಕಡ್ಡಿ ಕಡೂಕಾಗ. ಕಟ್ಟೆ ಬ್ಯಾಡ, ಟೈಲ್ಸ್ ಬ್ಯಾಡ."

"ಹಾಂಗಂದ್ರೆ ಹ್ಯಾಂಗೆ? ಸಣ್ಣದೊಂದ್ ಶೀಟಾರೂ..."

"ಶೀಟೂ ಬ್ಯಾಡ. ಮತ್ತೆ ಒಳಗ್ ಹೋಯ್ ಎಂತದೂ ಕೇಂಬುಕಾಗ."

"ಕೇಂಬುಕಾಗ ಅಂದ್ರೆ? ಕೇಂಬುಕೇ ಅಲ್ದಾ ಇಷ್ಟ್ ವರ್ಷ..."

"ನನ್ ಹೆಸ್ರಲ್ಲಿ ಕೇಂಬುದ್ ಸಾಕ್ ಅಪ್ಪಯ್ಯ." ಅವಳ ದನಿ ಏರಲಿಲ್ಲ. "ಕೇಂತ್ರಿ ಅಂತಾದ್ರೆ ನಾ ಈಗ್ಲೇ ಬಸ್ ಹತ್ತುದೇ. ಇನ್ಯಾವ ಬನಕ್ಕೂ ಬತ್ತಿಲ್ಲೆ. ನಿಮ್ ಸಂಗಡ ಎಲ್ಲಿಗೂ ಬತ್ತಿಲ್ಲೆ."

ಅಮಿತಾ ಬೇರೆ ದಿಕ್ಕಿಗೆ ನೋಡಿದಳು. ಗುಡ್ಡ ತನ್ನ ಚಪ್ಪಲಿ ಸರಿಮಾಡಿಕೊಂಡ. ಭೋಜರಾಜರು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಲೇಸಿಗೂ ಮುಳ್ಳುಕಾಯಿ ಅಂಟಿತ್ತು. ತೃಷಾ ಕುಳಿತು ಇನ್ನೊಂದು ಬೂಟು ಬಿಚ್ಚಿದಳು.

ಕಲ್ಲಿನ ಮುಂದೆ ಅವರು ಕೈಮುಗಿದು ನಿಂತರು. ಮನೆಗೆ ಹಿರಿಯನಾದವನು ದೈವದ ಎದುರು ಗಟ್ಟಿ ದನಿಯಲ್ಲಿ ಅರಿಕೆ ಮಾಡುವುದು ರೂಢಿ. ಭೋಜರಾಜರ ದನಿ ಅದಕ್ಕೇ ಹೆಸರಾಗಿತ್ತು. ಮದುವೆಮನೆಗಳಲ್ಲಿಯೂ ಅವರನ್ನೇ ಮುಂದೆ ನಿಲ್ಲಿಸುತ್ತಿದ್ದರು.

"ಸ್ವಾಮೀ, ಈ ಹೆಣ್ಣಿಗೆ..." ಎಂದು ಶುರುಮಾಡಿ ಗಕ್ಕನೆ ನಿಂತರು. ಮುಂದಿನ ಮಾತು ನಾಲಿಗೆಯ ಮೇಲೆಯೇ ಇತ್ತು. ನುಂಗಿದರು. ಬನದಲ್ಲಿ ನೀರು ಎಲ್ಲಿಯೋ ತೊಟ್ಟಿಕ್ಕುತ್ತಿತ್ತು. ಕೇಳುವುದಕ್ಕಿಲ್ಲವೆಂದ ಮೇಲೆ ದೇವರ ಹತ್ತಿರ ಏನು ಮಾತಾಡುವುದೆಂದು ತಿಳಿಯದೆ ಅವರು ನಿಂತೇ ಇದ್ದರು.

"ಈ ಹೆಣ್ಣ್," ಕೊನೆಗೆ ಹೇಳಿದರು, ಮದುವೆಮನೆಯಲ್ಲಿ ದೂರದ ಸಂಬಂಧಿಕರಿಗೆ ಪರಿಚಯ ಹೇಳುವ ದನಿಯಲ್ಲಿ. "ಈ ಹೆಣ್ಣ್ ತೃಷಾ. ನನ್ ಮಗಳ್. ಲ್ಯಾಬಲ್ಲಿ ಕೆಲಸ. ಭಾರೀ ಜೋರಿತ್ತ್, ನೀವೇ ಕೇಂಡ್ರಿ. ಇವ್ಳ ಗಂಡ ಜಿತೇಂದ್ರ, ಹಡಗಲ್ಲಿಪ್ಪುದ್. ಒಳ್ಳೆ ಜನ. ನನ್ ಹೆಂಡ್ತಿ ಪ್ರಭಾವತಿಗೆ ಗಂಟ್ ನೋವ್, ಇವತ್ತ್ ಬಪ್ಪುಕೆ ಆಯ್ಲ. ನಾ ಭೋಜರಾಜ. ಅಷ್ಟೇ ಜನ ನಾವ್."

"ಇನ್ನಿಬ್ರ್ ಇದ್ರ್," ತೃಷಾ ಎಂದಳು.

ಮನೆಯಲ್ಲಿ ಯಾರೂ ಅದುವರೆಗೆ ಹಾಗೆ ಎಣಿಸಿದ್ದಿಲ್ಲ. ಭೋಜರಾಜರು ತಿರುಗಿ ನೋಡಲಿಲ್ಲ. ಮುಗಿದ ಕೈಗಳು ಮೆಲ್ಲಗೆ ಹಣೆಗೆ ಹೋದವು, ಅಲ್ಲಿಯೇ ನಿಂತವು.

"ಹೌದ್. ಇನ್ನಿಬ್ರ್," ಎಂದರು. ಆ ಹೆಸರಾದ ದನಿ ಈಗ ಎಲೆ ಸರಿದಷ್ಟೇ ಕೇಳುತ್ತಿತ್ತು. "ಅವ್ರ್ ನಮ್ ಮನಿಗೆ ಬರ್ಲಿಲ್ಲ. ನಿಮ್ಗೆ ಅವ್ರ್ ಗೊತ್ತಿದ್ರೂ ಇರ್ಬಹುದ್."