ಗೋಡೆ ಮುಚ್ಚುವ ಮೊದಲು

ಟೀಚರಮ್ಮನ ಫೋನು ಬಂದಾಗ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬನ ಜೊತೆ ಜಗಳದಲ್ಲಿದ್ದೆ. ಒಂದು ನಲ್ಲಿಯನ್ನು ವಾರವಿಡೀ ಬಳಸಿ, ತಿರುಪಿನ ಹಲ್ಲನ್ನೆಲ್ಲ ಸವೆಸಿ, ವಾಪಸ್ ತಗೊಳ್ಳಿ ಎಂದು ತಂದಿದ್ದ. ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಿವಿಯಲ್ಲಿ ಟೀಚರಮ್ಮ.

"ನಮ್ಮ ಬಚ್ಚಲುಮನೆ ಗೋಡೆ ಫೋಟೋ ನಿಮ್ಮ ಹತ್ರ ಇದೆ ಅಲ್ವಾ? ಇವರು ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರು. ನಿನ್ನೆ ಆಸ್ಪತ್ರೆಯಿಂದ ಕರ್ಕೊಂಡು ಬಂದ್ವಿ. ಹಿಡ್ಕೊಂಡು ಏಳೋಕೆ ಗೋಡೆಗೆ ರಾಡು ಹಾಕಿಸ್ತಿದೀನಿ. ಡ್ರಿಲ್ಲಿನೋನು ಊಟ ಆದ್ಮೇಲೆ ಬರ್ತಾನಂತೆ. ಒಳಗೆ ಪೈಪು ಎಲ್ಲಿದೆ ಅಂತ ಗೊತ್ತಾಗ್ದೆ ಗೋಡೆ ಮುಟ್ಟಲ್ಲ ಅಂತಾನೆ."

"ಇದೆ ಟೀಚರಮ್ಮ, ಈಗ್ಲೇ ಕಳಿಸ್ತೀನಿ," ಎಂದೆ.

ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿಗೆ ಜನ ಬರುವುದೇ ಆ ಫೋಟೋಗಳಿಗಾಗಿ. ನಮ್ಮ ಯಜಮಾನರೂ ಅವರ ತಮ್ಮನೂ ಕೊಳಾಯಿ ಕೆಲಸದವರು. ಗೋಡೆ ಕೊರೆದು ಪೈಪು ಕೂರಿಸಿದ ಮೇಲೆ, ಗಾರೆಯವನು ಬಂದು ಮುಚ್ಚುವ ಮೊದಲು, ಮೈದುನ ಅಳತೆ ಟೇಪನ್ನು ಗೋಡೆಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ. ಯಜಮಾನರು ಫೋಟೋ ಹೊಡೆಯುತ್ತಾರೆ. ಯಾವ ಪೈಪು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಎಷ್ಟು ವರ್ಷ ಬಿಟ್ಟು ಕೇಳಿದರೂ ಹೇಳಬಹುದು. ಅಂಗಡಿಯ ಬೋರ್ಡಿನಲ್ಲಿ ನಮ್ಮ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅದನ್ನೇ ಬರೆಸಿದ್ದೇವೆ: ನಾವು ಮುಚ್ಚಿದ ಪ್ರತಿ ಗೋಡೆಯ ಫೋಟೋ ನಮ್ಮಲ್ಲಿದೆ.

ಗಿರಾಕಿಯನ್ನು ಬೈದು ಕಳಿಸಿ ಟ್ಯಾಬ್ ತೆಗೆದೆ. ಟೀಚರಮ್ಮನ ಗೋಡೆ ಇಲ್ಲ. ಕೆಳಗೆ ಎಳೆದೆ, ಮೇಲೆ ಎಳೆದೆ. ಟೀಚರಮ್ಮನದಿರಲಿ, ಯಾರ ಗೋಡೆಯೂ ಇಲ್ಲ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಚೆನ್ನಾಗಿ ಅಂದರೆ ನನಗೆ ಅರ್ಥವಾಗುವ ಹಾಗೆ. ಫೋಟೋಗಳು ಯಜಮಾನರ ಎರಡು ಫೋನಿನಲ್ಲಿ, ಮೈದುನನ ಫೋನಿನಲ್ಲಿ, ಅಂಗಡಿಯ ಟ್ಯಾಬಿನಲ್ಲಿ, ಮೂಲೆಯಲ್ಲಿ ಕೂತು ಗೊರಕೆ ಹೊಡೆಯುವ ಹಳೆ ಕಂಪ್ಯೂಟರಿನಲ್ಲಿ ಹರಡಿಕೊಂಡಿದ್ದವು. ಎಲ್ಲವನ್ನೂ ಟ್ಯಾಬಿಗೆ ಇಳಿಸಿ ಫೋಲ್ಡರು ಮಾಡುವುದು ನನ್ನ ಕೆಲಸ. ಮನೆ ನಂಬರು ನನಗೆ ನೆನಪಿರುವುದಿಲ್ಲ. 'ನಾಯಿ ಕಚ್ಚಿದ ಮನೆ', 'ಕುಡಿಯೋಕೆ ನೀರೂ ಕೊಡದ ಮನೆ', 'ದಿನಕ್ಕೊಂದು ಬಣ್ಣದ ಟೈಲ್ಸ್ ಅಂದವಳು', ಹೀಗೆ ಹೆಸರಿಟ್ಟಿದ್ದೆ. ಯಾರು ಕೇಳಿದರೂ ಒಂದು ಲೋಟ ಕಾಫಿ ಆರುವುದರೊಳಗೆ ತೆಗೆದುಕೊಡುತ್ತಿದ್ದೆ.

ಮಗಳಿಗೆ ಅದು ನಾಚಿಕೆಗೇಡು. "ಅಮ್ಮ, ಇದನ್ನ ಯಾರಾದ್ರೂ ನೋಡಿದ್ರೆ ಮಾನ ಹೋಗತ್ತೆ" ಎಂದು ರಜೆಯಲ್ಲಿ ಕೂತು ಎಲ್ಲ ಫೋನುಗಳನ್ನೂ ಟ್ಯಾಬನ್ನೂ ಕಂಪ್ಯೂಟರನ್ನೂ ಒಂದಕ್ಕೊಂದು ಗಂಟು ಹಾಕಿದಳು. ನನ್ನ ಫೋಲ್ಡರುಗಳು ಹೋದವು. ಅದರ ಬದಲು ಯಂತ್ರವೇ ಮುಖ ನೋಡಿ ಗುಂಪು ಮಾಡುತ್ತದಂತೆ. ಮಾಡಿತು. ಅತ್ತೆಗೊಂದು ಗುಂಪು, ಮಗಳಿಗೊಂದು ಗುಂಪು. ಕಣ್ಣಿನ ಹಾಗೆ ಎರಡು ಗುಬಟು ಇರುವ ಒಂದು ನಲ್ಲಿಯನ್ನು ತೋರಿಸಿ 'ಇವರು ಯಾರು?' ಎಂದು ಕೇಳಿತು. ಮಗಳು ನಕ್ಕು ಅದಕ್ಕೆ ತನ್ನ ಅಪ್ಪನ ಹೆಸರು ಕೊಟ್ಟಳು.

ಈಗ ಅವಳನ್ನು ಅಂಗಡಿ ಹಿಂದಿನ ಕೋಣೆಯಿಂದ ಕರೆದೆ.

"ಗೋಡೆಗಳೆಲ್ಲ ಎಲ್ಲೇ?"

ಅವಳು ಟ್ಯಾಬ್ ಕಿತ್ತುಕೊಂಡು ಹುಡುಕಿದಳು. ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಉಗುರು ಕಚ್ಚಿದಳು. ಅವಳು ಉಗುರು ಕಚ್ಚಿದರೆ ಏನೋ ಕೆಟ್ಟಿದೆ ಎಂದೇ ಅರ್ಥ.

"ಅಪ್ಪ ಅವತ್ತು ಚಿಕ್ಕಪ್ಪನ ಫೋಟೋ ಎಲ್ಲ ತೆಗಿ ಅಂದ್ರಲ್ಲ..."

"ಅಂದ್ರೆ?"

"ಎಲ್ಲಾ ಗೋಡೆ ಪಕ್ಕಾನೂ ಚಿಕ್ಕಪ್ಪ ನಿಂತಿರ್ತಾರೆ ಅಮ್ಮ."

ಅಣ್ಣತಮ್ಮಂದಿರು ಮಾತು ಬಿಟ್ಟು ಆರು ತಿಂಗಳಾಗಿತ್ತು. ಒಂದು ಮನೆಯಲ್ಲಿ ಗೋಡೆ ಒಳಗೆ ನೀರು ಸೋರಿತು. ಆ ಜೋಡಣೆ ನಿನ್ನದು ಎಂದು ಇವರು, ನಿನ್ನದು ಎಂದು ಅವನು, ಗಿರಾಕಿಯ ಎದುರಿಗೇ ಕೂಗಾಡಿದರು. ಮಾರನೇ ದಿನ ಮೈದುನ ತನ್ನ ಪೆಟ್ಟಿಗೆ ಎತ್ತಿಕೊಂಡು ಬೇರೆ ಕಂಟ್ರಾಕ್ಟರನ ಬಳಿ ಸೇರಿದ. ಮಗಳು ಹೊಸ ಏರ್ಪಾಡನ್ನು ಅಪ್ಪನಿಗೆ ತೋರಿಸಿದ್ದು ಅದಾದ ಮೇಲೆ. ಯಂತ್ರ ಎಲ್ಲಕ್ಕಿಂತ ದೊಡ್ಡ ಗುಂಪನ್ನು ಮೊದಲು ತೋರಿಸುತ್ತದೆ. ನಾಲ್ಕು ಸಾವಿರ ಸಲ ತಮ್ಮನ ಮುಖ. ಫೋಟೋ ಹೊಡೆದವರ ಮುಖ ಯಾವುದರಲ್ಲೂ ಇಲ್ಲ, ಅವರ ಹೆಸರಿಗೆ ಸಿಕ್ಕಿದ್ದು ಒಂದು ನಲ್ಲಿ. ನೋಡುತ್ತಲೇ ಉರಿದುಹೋದರು. "ಈ ಮುಖ ನನ್ನ ಕಣ್ಣಿಗೆ ಬೀಳಬಾರದು, ತೆಗೆದ್ಹಾಕು" ಎಂದರು. ಮಗಳು ಒತ್ತಿದಳು. ಒಂದಕ್ಕೊಂದು ಗಂಟು ಬಿದ್ದಿದ್ದರಿಂದ ಎಲ್ಲ ಕಡೆಯಿಂದಲೂ ಹೋಯಿತು. ಜಾಗ ಸಾಲದು ಎಂದು ಫೋನು ಗೋಳಾಡಿದಾಗ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಳು.

ನನಗೆ ಬಯ್ಯಲೂ ಶಕ್ತಿ ಇರಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟೆ. ನಂತರ ಬೈದೆ.

ಯಜಮಾನರಿಗೆ ಫೋನು ಮಾಡಿದೆ. ಅವರು ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು.

"ಟೀಚರಮ್ಮನ ಗೋಡೇಲಿ ಪೈಪು ಎಷ್ಟು ಎತ್ತರ ಇದೆ ನೆನಪಿದೆಯೇನ್ರೀ?"

"ಐದು ವರ್ಷದ ಹಿಂದಿನದು. ನನ್ನ ತಲೆ ಏನು ಗೋಡೌನಾ? ಫೋಟೋ ನೋಡು."

"ನೀವೇ ಅಳಿಸಿದ್ದು."

ವಿಷಯ ಹೇಳಿದೆ.

"ಇಲ್ಲ ಅಂತ ಹೇಳ್ಬಿಡು," ಎಂದರು ಯಜಮಾನರು.

"ಬೋರ್ಡ್ ನೀವೇ ಇಳಿಸ್ತೀರೋ, ನಾನು ಇಳಿಸ್ಲೋ? ನಿಮ್ಮ ತಮ್ಮನ ಹತ್ರ ಇರತ್ತೆ. ಹೋಗ್ತಿದೀನಿ."

"ಅವನ ಬಾಗಿಲಿಗಾ?"

"ಇನ್ನೇನು, ನಿಮ್ಮ ಮುಖ ನೋಡ್ಕೊಂಡು ಇಲ್ಲೇ ಕೂತಿರ್ಲಾ?" ಎಂದು ಫೋನು ಇಟ್ಟೆ.

ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮೈದುನನ ಮನೆ ಎರಡು ಬೀದಿ ಆಚೆ. ಆರು ತಿಂಗಳಿಂದ ಆ ಬೀದಿ ತಪ್ಪಿಸಿ ಮಾರ್ಕೆಟ್ಟಿಗೆ ಸುತ್ತು ಹೊಡೆದು ನನ್ನ ಮಂಡಿ ಸವೆದಿತ್ತು. ಬಾಗಿಲು ತೆಗೆದವಳು ಓರಗಿತ್ತಿ. ಬನ್ನಿ ಎನ್ನಲಿಲ್ಲ, ಬಾಗಿಲಿಗೆ ಅಡ್ಡ ನಿಂತಳು.

"ನೆಂಟಸ್ತನಕ್ಕೆ ಬಂದಿಲ್ಲ, ಜಾಗ ಬಿಡು. ಅವನಿದಾನಾ?"

ಮೈದುನ ಅವತ್ತು ಮನೆಯಲ್ಲೇ ಇದ್ದ, ಕಾಲಿಗೆ ಕಬ್ಬಿಣ ಬಿದ್ದು ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ. ನನ್ನನ್ನು ನೋಡಿ ಕುರ್ಚಿಯಿಂದ ಏಳಲು ಹೋದ.

"ಕೂತ್ಕೊ. ಟೀಚರಮ್ಮನ ಗೋಡೆ ಫೋಟೋ ಬೇಕು."

"ನಿಮ್ಮ ಟ್ಯಾಬಲ್ಲಿ ಇರ್ಬೇಕಲ್ಲ ಅತ್ತಿಗೆ?"

ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಓರಗಿತ್ತಿ ಮಾತ್ರ ಬಾಗಿಲ ಬಳಿಯಿಂದಲೇ, "ಮುಖ ಬೇಡ, ಗೋಡೆ ಬೇಕು" ಎಂದಳು.

"ನಿನ್ನ ಗಂಡನ ಮುಖ ಅಳಿಸಿದ್ದಕ್ಕೇ ನಾಲ್ಕು ಯಂತ್ರದಲ್ಲಿ ಜಾಗ ಆಯ್ತು ಕಣೇ, ಅಷ್ಟು ದೊಡ್ಡ ಮುಖ," ಎಂದೆ. ಅವಳು ತುಟಿ ಕಚ್ಚಿ ಒಳಗೆ ಹೋದಳು. ನಗು ಬಂದಿರಬೇಕು. ಬೈಗುಳವೂ ಬಂದಿರಬಹುದು.

ಮೈದುನ ಕೆಲಸ ಬಿಡುವಾಗಲೇ ತನ್ನ ಫೋನನ್ನು ಮಗಳು ಹಾಕಿದ್ದ ಗಂಟಿನಿಂದ ಬಿಡಿಸಿಕೊಂಡಿದ್ದ. ಅದರಲ್ಲಿ ಎಲ್ಲ ಇತ್ತು. ಆದರೆ ಕಾಡಿನ ಹಾಗೆ ಇತ್ತು. ಫೋಲ್ಡರಿಲ್ಲ, ಹೆಸರಿಲ್ಲ. ಹಳೆ ಫೋನಿನಿಂದ ಹೊಸದಕ್ಕೆ ಸಾಗಿಸುವಾಗ ತಾರೀಖುಗಳೂ ಕೆಟ್ಟು, ಎಲ್ಲ ಒಂದೇ ದಿನ ತೆಗೆದವು ಎಂದು ತೋರಿಸುತ್ತಿತ್ತು. ಬರೀ ಬಚ್ಚಲುಮನೆಗಳು, ಒಂದರ ಹಾಗೆ ಇನ್ನೊಂದು.

"ಯಾವುದು ಯಾರ ಮನೆ ಅಂತ ನನಗೂ ಗೊತ್ತಾಗಲ್ಲ ಅತ್ತಿಗೆ. ಹೆಸರಿಡ್ತಿದ್ದೋರು ನೀವು."

"ತಾ ಇಲ್ಲಿ."

ಗೋಡೆಗೆ ಗುರುತಿರಲಿಲ್ಲ. ಆದ್ದರಿಂದ ನಾನು ಅವನನ್ನು ನೋಡಿಕೊಂಡು ಹೋದೆ. ಮೀಸೆ ಬಿಟ್ಟಿದ್ದ ವರ್ಷ, ಮೀಸೆ ತೆಗೆದ ವರ್ಷ. ಮದುವೆಗೆ ಮುಂಚಿನ ಕಡ್ಡಿ ಮೈ, ಆಮೇಲಿನ ಹೊಟ್ಟೆ. ನಾನು ಹೊಲಿಗೆ ಹಾಕಿಕೊಟ್ಟ ನೀಲಿ ಅಂಗಿ, ಅದೇ ಅಂಗಿ ಬಣ್ಣ ಹೋಗಿ ಬೂದಿಯಾಗಿದ್ದು. ಕಣ್ಣು ಉರಿಯಿತು, ಬೆರಳು ಜೋಮು ಹಿಡಿಯಿತು. ಟೀಚರಮ್ಮ ಒಮ್ಮೆ ಫೋನು ಮಾಡಿದರು, ಡ್ರಿಲ್ಲಿನವನು ಬಂದು ಕೂತಿದ್ದಾನೆ ಎಂದರು. ಐದೇ ನಿಮಿಷ ಎಂದೆ. ಐದು ನಿಮಿಷಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ.

ಕೊನೆಗೆ ಒಂದು ಫೋಟೋದಲ್ಲಿ ಅವನ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು.

"ಇದೇ. ಹಲ್ಲು ಕೀಳಿಸ್ಕೊಂಡು ಬಂದ ದಿನ. ಟೀಚರಮ್ಮ ನಿನಗೆ ಐಸ್ ಕೊಟ್ಟಿದ್ರು ಅಂತ ಹೇಳಿದ್ದೆ."

ಅವನೂ ಬಗ್ಗಿ ನೋಡಿದ. ಟೇಪು ಮೂರಡಿ ತೋರಿಸುತ್ತಿತ್ತು. ಯಜಮಾನರಿಗೆ ಮತ್ತೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಸಿಕ್ತು. ಬಿಸಿನೀರಿನ ಪೈಪು ಮೂರಡೀಲಿ ಅಡ್ಡ ಹೋಗಿದೆ. ರಾಡು ಎರಡೂ ಮುಕ್ಕಾಲು ಅಡೀಲಿ ಬೇಕಂತೆ."

"ಮೂರಂಗುಲ ಕೆಳಗೆ. ಏನೂ ಆಗಲ್ಲ, ಹೊಡಿ ಅನ್ನು."

"ಬೇಡ," ಎಂದ ಮೈದುನ.

ಯಜಮಾನರ ದನಿ ಏರಿತು. "ಯಾರದು ಅಡ್ಡ ಬಾಯಿ ಹಾಕಿದ್ದು?"

"ಯಾರು ಅಂತ ಗೊತ್ತು ನಿಮಗೆ. ಆ ಮೂರಡಿ ಈಗ ಮೂರಡಿ ಅಲ್ಲ. ಟೇಪಿನ ಬುಡ ಬರೀ ಕಾಂಕ್ರೀಟಿನ ಮೇಲಿದೆ. ಆಮೇಲೆ ಗಾರೆ, ಟೈಲ್ಸು ಬಿದ್ದು ನೆಲ ಮೂರಂಗುಲ ಮೇಲೆ ಬಂತು. ಪೈಪು ಈಗ ಎರಡೂ ಮುಕ್ಕಾಲಲ್ಲೇ ಇದೆ. ಹೊಡೆದ್ರೆ ಸೀದಾ ಪೈಪಿಗೇ."

"ಗೋಡೆ ಮೇಲೆ ಹಾಕಿದ ಟೈಲ್ಸ್ ಮಟ್ಟದ ಗೆರೆಯಿಂದ ಹಿಡೀಬೇಕು ಅಂತ ನಿನಗೆ ಎಷ್ಟು ಸಲ ಬಡ್ಕೊಂಡಿದ್ದೆ! ಎಲ್ಲಾ ಮನೆಲೂ ಗೆರೆಯಿಂದ್ಲೇ ಹಿಡಿದಿದೀಯಲ್ಲ!"

"ಎಲ್ಲಾ ಮನೆಲೂ ಹಿಡಿದೆ. ಇಲ್ಲಿ ಹಿಡೀಲಿಲ್ಲ. ತಲೆ ಸಿಡೀತಿತ್ತು, ಗೆರೆ ನೋಡ್ದೆ ಟೇಪು ನೆಲಕ್ಕೆ ಬಿಟ್ಟೆ. ನೀವು ಫೋಟೋ ಹೊಡೆದ್ರಿ. ಹೇಳೋಣ ಅಂದ್ಕೊಂಡೆ, ಬಾಯಿ ತುಂಬ ಹತ್ತಿ ಇತ್ತು. ಆಮೇಲೆ ಮರೆತೆ. ತಪ್ಪು ನನ್ನದೇ."

ಆರು ತಿಂಗಳಲ್ಲಿ ಆ ಕೊನೆಯ ಎರಡು ಪದ ಎರಡು ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಓರಗಿತ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವನು ಸುಮ್ಮನಿದ್ದಿದ್ದರೆ ಪೈಪು ಒಡೆಸಿದ ಹೆಸರು ನಮಗೇ ಬರುತ್ತಿತ್ತು, ಅವನಿಗೆ ಕೂದಲೂ ಕೊಂಕುತ್ತಿರಲಿಲ್ಲ.

ಯಜಮಾನರು ಪೈಪಿಗಿಂತ ನಾಲ್ಕಂಗುಲ ಮೇಲೆ ಎಂದು ಲೆಕ್ಕ ಹಾಕಿದರು.

"ಮೂರಡಿ ಒಂದಂಗುಲಕ್ಕೆ ಹಾಕ್ಸು ಅಂತ ಹೇಳು," ಎಂದರು ಆಮೇಲೆ ನನಗೆ. ಇನ್ನೇನು ಫೋನು ಇಟ್ಟರು ಎನ್ನುವಾಗ, "ಹಲ್ಲು ಕಿತ್ತ ದಿನ ರಜಾ ಹಾಕೋ ಅಂದ್ರೆ ಕೇಳಿದ್ನಾ ಕತ್ತೆ," ಎಂದರು. ಅದು ನನಗಲ್ಲ.

"ರಜಾ ಹಾಕಿದ್ರೆ ನೀವು ತಿಂಗಳುಗಟ್ಲೆ ಆಡ್ಕೊಳ್ತಿದ್ರಿ," ಎಂದ ಮೈದುನ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಟೀಚರಮ್ಮನಿಗೆ ಅಳತೆ ಹೇಳಿದೆ. ಫೋನು ಇಡಬೇಡಿ ಎಂದೆ. ಡ್ರಿಲ್ಲಿನ ಗುಂಯ್ ಸದ್ದು ಕೇಳಿಸಿಕೊಂಡು ಮೂವರೂ ಕೂತೆವು. ಸದ್ದು ನಿಂತಿತು, ಮತ್ತೆ ಶುರುವಾಯಿತು, ನಿಂತಿತು.

"ಬರೀ ಧೂಳು," ಎಂದರು ಟೀಚರಮ್ಮ. "ಒಂದು ಹನಿ ನೀರಿಲ್ಲ. ಇವರು ಹಿಡ್ಕೊಂಡು ನೋಡ್ತಿದಾರೆ... ಹಾ, ನಿಂತ್ರು."

ನನಗೆ ಖುಷಿಗಿಂತ ಸುಸ್ತು ಹೆಚ್ಚಾಯಿತು. ಗೋಡೆಗೆ ಒರಗಿದೆ. ಆದರೆ ಕೆಲಸ ಮುಗಿದಿರಲಿಲ್ಲ. ನಾಳೆ ಇನ್ನೊಬ್ಬರು ಕೇಳುತ್ತಾರೆ, ನಾಡಿದ್ದು ಮತ್ತೊಬ್ಬರು. ನನ್ನ ಟ್ಯಾಬನ್ನೂ ಅವನ ಫೋನನ್ನೂ ಪಕ್ಕಪಕ್ಕ ಇಟ್ಟು, ಎಲ್ಲವನ್ನೂ ನಮ್ಮ ಕಡೆಗೆ ಕಳಿಸು ಎಂದೆ. ಅವನು ಒತ್ತಿದ. ಯಜಮಾನರಿಗೆ ಒಂದು ಸಂದೇಶ ಹಾಕಿದೆ: ನಿಮ್ಮ ತಮ್ಮನ ಮುಖ ನಾಲ್ಕು ಸಾವಿರ ಸಲ ಮನೆಗೆ ಬರುತ್ತಿದೆ. ಅಳಿಸಿ ನೋಡಿ, ನಿಮಗಿದೆ.

ಓದಿದ ಗುರುತು ಮಾತ್ರ ಬಂತು.

ಟ್ಯಾಬಿನ ತೆರೆಯ ಮೇಲೆ ಎಷ್ಟು ಬಂತೆಂದು ತೋರಿಸುವ ಗೆರೆ ಇರುವೆಯ ಹಾಗೆ ತೆವಳುತ್ತಿತ್ತು. ಅದು ಮುಗಿದ ಮೇಲೆ ಪ್ರತಿಯೊಂದಕ್ಕೂ ಮತ್ತೆ ಹೆಸರಿಡಬೇಕು, ನಾಯಿ ಕಚ್ಚಿದ ಮನೆಯಿಂದ ಹಿಡಿದು. ನೆನೆದರೇ ತಲೆ ಭಾರವಾಯಿತು. ಓರಗಿತ್ತಿ ಬಂದು ಬಗ್ಗಿ ನೋಡಿದಳು.

"ಇನ್ನೂ ಎಷ್ಟೊತ್ತು ಹಿಡಿಯತ್ತೆ ಅಕ್ಕ?"

"ಸಂಜೆ ಆಗತ್ತೆ ಅನ್ಸತ್ತೆ. ಎತ್ಕೊಂಡು ಹೋದ್ರೆ ನಿಂತ್ಹೋಗತ್ತೆ."

ಅವಳು ಒಳಗೆ ಹೋಗಿ ಒಂದು ದಿಂಬು ತಂದು ನನ್ನ ಬೆನ್ನಿನ ಹಿಂದೆ ತುರುಕಿದಳು. ಸ್ವಲ್ಪ ಜೋರಾಗಿಯೇ ತುರುಕಿದಳು.

"ಹಾಗಾದ್ರೆ ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಮಂಡಿ ನೋವು ಅಂತ ಬೀದಿಗೆಲ್ಲ ಹೇಳ್ಕೊಂಡು ಓಡಾಡ್ತಿದೀರಂತೆ."