ಹತ್ತೊಂಬತ್ತನೇ ಅಧ್ಯಾಯದ ಸುಳ್ಳು ಪುಟ

ಕಾದಂಬರಿಯ ಮೊದಲ ಭಾಗವನ್ನು ಅಕ್ಕ, ಭಾವ, ನಾನು ಕಿತ್ತಾಡಿಕೊಂಡು ಓದಿದ್ದೆವು. ಅದು ಹೆಣ ಎಬ್ಬಿಸುವ ಮಾಂತ್ರಿಕರ ಕತೆ. ಕೊನೆಯಲ್ಲಿ ಕಥಾನಾಯಕಿಯಾದ ಮಾಂತ್ರಿಕೆಯ ಗಂಡನೇ ಸಾಯುತ್ತಾನೆ. ಕೊಂದವರು ಯಾರೆಂದು ಅವನನ್ನೇ ಎಬ್ಬಿಸಿ ಕೇಳಲು ಅವಳು ಗೋರಿಯ ಕಡೆ ಹೊರಡುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಅದಾದ ಮೂರು ತಿಂಗಳಿಗೆ ಭಾವ ನದಿಯ ಪಾಲಾದರು. ಜಾರಿದರೋ ಹಾರಿದರೋ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಅಳಲಿಲ್ಲ. ಎರಡನೇ ಭಾಗ ಯಾವಾಗ ಬರುತ್ತದೆ ಎಂದು ಕೇಳಿದಳು, ಅಷ್ಟೆ.

ಮೂರು ವರ್ಷದ ಮೇಲೆ ಅದು ಬಂದದ್ದು ನಾನು ಕರಡು ತಿದ್ದುವ ಮುದ್ರಣಾಲಯಕ್ಕೇ. ಅಷ್ಟರಲ್ಲಿ ಅಕ್ಕನಿಗೂ ಅಲ್ಲೇ ಕೆಲಸ ಕೊಡಿಸಿದ್ದೆ. ನಮ್ಮಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಎದುರಿನವರು ಕರಡಿನಲ್ಲಿ ಗುರುತು ಹಾಕಬೇಕು. ಎರಡನೇ ಸುತ್ತಿಗೆ ಅದಲುಬದಲು.

ಅಕ್ಕ ಓದತೊಡಗಿದಳು. ಅವಳ ಮುಖಕ್ಕೆ ಜೀವ ಬಂತು. ಮುಂದಿನ ಪುಟಕ್ಕೆ ಇಣುಕುತ್ತಿರಲಿಲ್ಲ. ಒಂದೊಂದೇ ಅಧ್ಯಾಯವನ್ನು ಮನೆಗೆ ನಡೆಯುತ್ತಾ ಮೆಲುಕು ಹಾಕುತ್ತಿದ್ದಳು.

"ಮಂತ್ರಿನೇ ಕಣೇ ಕೊಂದಿರೋದು. ಮೂತಿ ನೋಡಿದ್ರೇ ಗೊತ್ತಾಗತ್ತೆ."

"ಬರೀ ಅಕ್ಷರ ಇರೋ ಪುಸ್ತಕದಲ್ಲಿ ಮೂತಿ ಎಲ್ಲಿ ನೋಡಿದೆ?"

ನಾನು ಮಾತ್ರ ಇಣುಕಿದೆ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಗಂಡ ಎದ್ದು ಕೂರುತ್ತಾನೆ. ನನ್ನನ್ನು ಯಾರೂ ಕೊಲ್ಲಲಿಲ್ಲ, ನಿನ್ನ ಜೊತೆ ಬದುಕಿ ಸಾಕಾಗಿತ್ತು ಎನ್ನುತ್ತಾನೆ.

ಇದನ್ನು ಅಕ್ಕ ಗಟ್ಟಿಯಾಗಿ ಓದುವುದೇ? ಅಂದು ನಾನು ಓದುತ್ತಿದ್ದ ಸಂಜೆ ಕಾಲೇಜಿನ ಟೈಪಿಂಗ್ ಕೋಣೆಯಲ್ಲಿ ಬೇರೊಂದು ಪುಟ ಹೊಡೆದೆ. ಅದರಲ್ಲಿ ವಿಷ ಹಾಕಿದ್ದು ಮಂತ್ರಿ. ಹೆಂಡತಿಯ ಹೆಸರು ಹೇಳುತ್ತಲೇ ಗಂಡ ಸತ್ತಿದ್ದ. ನಿಜದ ಪುಟ ತೆಗೆದು, ಟೈಪಾಗಿಯೇ ಬಂದಿದ್ದ ಹಸ್ತಪ್ರತಿಯಲ್ಲಿ ಅದನ್ನು ಸೇರಿಸಿದೆ. ಎರಡನೇ ಸುತ್ತಿನಲ್ಲಿ ಕರಡು ಅಕ್ಕನ ಕೈಗೆ ಹೋಗುತ್ತಿತ್ತಲ್ಲ, ಹಾಗಾಗಿ ಕರಡಿನ ಪುಟವನ್ನೂ ಸುಳ್ಳಿಗೆ ತಕ್ಕಂತೆ ತಿದ್ದಿಸಿದೆ. ಅಚ್ಚಿಗೆ ಹೋಗುವ ಮುನ್ನ ನಿಜದ ಪುಟ ಹಾಕಿದರಾಯಿತು ಎಂದುಕೊಂಡಿದ್ದೆ. ಯಂತ್ರ ಒಂದು ದಿನ ಮೊದಲೇ ಬಿಡುವಾಯಿತು. ಅಂದು ನಾನು ಕಾಲೇಜಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಅಕ್ಕ ಸಹಿ ಹಾಕಿ ಕಳಿಸಿಬಿಟ್ಟಳು.

ಪುಸ್ತಕಗಳೆಲ್ಲ ಗಾಡಿ ಹತ್ತಿದ ಮೇಲೆ ಲೇಖಕಿಯಿಂದ ಫೋನ್ ಬಂತು. ಮುದ್ರಣಾಲಯದ ಯಜಮಾನಿ ನಮ್ಮನ್ನೆಲ್ಲ ಸೇರಿಸಿ, ಲೇಖಕಿ ಕಳಿಸಿದ ಮೂಲ ಪುಟವನ್ನು ಅಕ್ಕನ ಮುಂದೆ ಎಸೆದರು.

"ಆಡಿದ ಮಾತನ್ನ ಇಲ್ಲ ಅನ್ನಬಹುದು, ಅಚ್ಚಾದದ್ದನ್ನ ಇಲ್ಲ ಅನ್ನೋಕಾಗತ್ತಾ? ಇದರಲ್ಲಿ ಏನಿದೆ ಅಂತ ಎಲ್ಲರಿಗೂ ಕೇಳೋ ಹಾಗೆ ಓದು. ವಿರಾಮ ಬಿಡಬೇಡ."

ಅಕ್ಕ ಓದಿದಳು. "ನನ್ನನ್ನು ಯಾರೂ ಕೊಲ್ಲಲಿಲ್ಲ, ಪೂರ್ಣವಿರಾಮ. ನಿನ್ನ ಜೊತೆ ಬದುಕಿ, ಅಲ್ಪವಿರಾಮ, ಸಾಕಾಗಿತ್ತು, ಪೂರ್ಣವಿರಾಮ." ಪುಟದ ತಳದವರೆಗೂ ಒಂದಕ್ಷರ ತಡವರಿಸಲಿಲ್ಲ. ಭಾವನ ಸಾವಿನ ಸುದ್ದಿ ಗೊತ್ತಿದ್ದ ಹಿರಿಯ ಕೆಲಸಗಾರನೊಬ್ಬ ಕೆಮ್ಮಿದಂತೆ ನಕ್ಕ.

ಸುಳ್ಳು ಪುಟ ಎಲ್ಲಿಂದ ಬಂತು ಎಂದು ಯಜಮಾನಿ ಕೇಳಿದರು. ಅಕ್ಕ ನನ್ನ ಕಡೆ ನೋಡದೆ, ಸಹಿ ತನ್ನದೇ ಎಂದಳು. ನಾಳೆಯಿಂದ ಬರಬೇಡ ಎಂದರು ಯಜಮಾನಿ.

ಮೆಟ್ಟಿಲ ಬಳಿ ಅವಳನ್ನು ಹಿಡಿದುಕೊಂಡೆ. ನಿನಗೆ ನೋವಾಗಬಾರದು ಅಂತ, ಎಂದು ಶುರುಮಾಡಿದೆ.

"ನೀನು ಸೇರಿಸಿದ್ದನ್ನ ಓದ್ತಾ ಇದ್ದಾಗಲೇ ಅನ್ನಿಸ್ತು, ಇದು ಚೆನ್ನಾಗಿಲ್ಲ ಅಂತ," ಎಂದಳು ಅಕ್ಕ. "ಇಷ್ಟು ಒಳ್ಳೇ ಪುಸ್ತಕ ಇಲ್ಯಾಕೆ ಹಾಳಾಯ್ತು ಅಂತ ಎರಡು ದಿನ ನಿದ್ದೆ ಮಾಡಿಲ್ಲ. ಮೂರು ವರ್ಷ ಈ ಪುಟಕ್ಕೆ ಕಾದೆ ಕಣೇ. ಆ ಮಾಂತ್ರಿಕೆಗಾದ್ರೂ ಅವಳ ಗಂಡ ಬಾಯಿಬಿಟ್ಟು ಹೇಳಿದ. ಅದನ್ನೂ ಕಿತ್ಕೊಂಡ್ಯಾ?"

ನಾನೀಗಲೇ ಯಜಮಾನಿಗೆ ಹೇಳುತ್ತೇನೆ ಎಂದೆ.

"ಹೇಳಬೇಡ. ನಾಳೆಯಿಂದ ನಿನ್ನೆದುರು ಕೂರೋದು ನನಗೂ ಬೇಡ."

ಮಾರನೆಯ ದಿನ ಯಜಮಾನಿ ಎದುರಿನ ಕುರ್ಚಿಗೆ ಇನ್ನೊಬ್ಬಳನ್ನು ಕೂರಿಸಿ, ಮರುಮುದ್ರಣಕ್ಕೆ ಆ ಪುಟವನ್ನೇ ಮೊದಲು ತಿದ್ದಿ ಎಂದರು. ನಾನು ಪೆನ್ಸಿಲ್ ತೆಗೆದುಕೊಂಡೆ.